ಮೊದಲು ಕಿವಿ ನೋಡಿ

ದೀಪಾವಳಿಯ ಪಟಾಕಿ ಸದ್ದು ಅಡಗಿ ಚಳಿ ಮೆಲ್ಲಗೆ ಕಾಲಿಡುವ ಹೊತ್ತಿಗೆ ನನಗೆ ಬರುವ ಫೋನುಗಳ ಧಾಟಿ ಬದಲಾಗುತ್ತದೆ. ಸೊಸೈಟಿಯ ಮೇಂಟೆನೆನ್ಸ್, ಆಸ್ತಿ ತೆರಿಗೆ, ಊರಿನ ಪಾಲುಪಟ್ಟಿ ಎಲ್ಲ ಹಿಂದೆ ಸರಿದು ಒಂದೇ ಪ್ರಶ್ನೆ ಮುಂದೆ ಬಂದು ಕೂರುತ್ತದೆ. "ನಮ್ಮ ಬಿಲ್ಡಿಂಗಿನ ಮೀಟರ್ ರೂಮಿನ ಹಿಂದೆ ನಾಯಿ ಮರಿ ಹಾಕಿದೆ ಮಾರಾಯ್ರೆ, ಆರೋ ಏಳೋ ಉಂಟು. ಕರ್ಜತ್ ಕಡೆ ಯಾವುದೋ ಆಶ್ರಮ ಇದೆಯಂತಲ್ಲ, ಅಲ್ಲಿ ಬಿಟ್ಟು ಬರಬಹುದಾ?" ಎಂದು ಕೇಳುವವರು ಕರಾವಳಿಯವರು. "ಎಲ್ಲೆರ ಒಯ್ದು ಬಿಡಾಕ ಜಾಗಾ ಐತೇನ್ರೀ?" ಎನ್ನುವವರು ವಿಜಯಪುರ, ಬಾಗಲಕೋಟೆ ಕಡೆಯವರು. ಮಾತಿನ ರೀತಿ ಬೇರೆಯಾದರೂ ಕೇಳುವುದು ಮಾತ್ರ ಒಂದೇ: ಇವನ್ನು ಎಲ್ಲಿ ಬಿಡಬೇಕು? ನಾನು ನವಿ ಮುಂಬಯಿಯ ಕಾಮೋಠೆಯಲ್ಲೇ ಇರುವವನಾದ್ದರಿಂದ ಅಕ್ಕಪಕ್ಕದ ಸೆಕ್ಟರುಗಳವರು ಫೋನಿನ ಗೊಡವೆಗೇ ಹೋಗುವುದಿಲ್ಲ, ಮಾನಸರೋವರ ಸ್ಟೇಷನ್ನಿನ ಹೊರಗೆ ತರಕಾರಿ ಕೊಳ್ಳುವಾಗಲೇ ಹಿಡಿದು ನಿಲ್ಲಿಸುತ್ತಾರೆ.

ಅವರು ಹೇಳುವಂಥ ಆಶ್ರಮ ಇಲ್ಲ. ಅಂದರೆ, ಆರೋಗ್ಯವಾಗಿರುವ ನಾಯಿಯನ್ನು ತಂದು ಒಪ್ಪಿಸಿದರೆ ಜೀವಮಾನ ಪೂರ್ತಿ ಸಾಕಿಕೊಳ್ಳುವ, ಎಷ್ಟು ತಂದರೂ ಬೇಡವೆನ್ನದ ಜಾಗ ಮುಂಬಯಿಯ ಸುತ್ತಮುತ್ತ ಎಲ್ಲೂ ಇಲ್ಲ. ಇರುವುದು ಆಸ್ಪತ್ರೆಗಳು. ಪರೇಲಿನ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆ 19ನೇ ಶತಮಾನದಿಂದ ನಡೆದುಬಂದಿದೆ. ಠಾಣೆ, ಡೊಂಬಿವಲಿ ಕಡೆ ಪ್ರಾಣಿಪ್ರಿಯರು ಕಟ್ಟಿದ ಸಣ್ಣ ದೊಡ್ಡ ಸಂಸ್ಥೆಗಳಿವೆ. ಅವರ ಗೂಡುಗಳೆಲ್ಲ ರಿಕ್ಷಾ ಹಾಯ್ದು ಸೊಂಟ ಮುರಿದ ನಾಯಿಗಳಿಂದ, ಹುಳ ಬಿದ್ದ ಗಾಯಗಳಿಂದ ತುಂಬಿರುತ್ತವೆ. ಲಸಿಕೆ ಬೀಳದ ಎರಡು ತಿಂಗಳ ಮರಿಯನ್ನು ಅಲ್ಲಿ ಇಟ್ಟು ಬಂದರೆ ವಾರದೊಳಗೆ ಪಾರ್ವೊ ತಗಲುವ ಸಂಭವವೇ ಹೆಚ್ಚು. ರಕ್ತಭೇದಿಯಾಗಿ ಸಾಯುವ ಮರಿಯನ್ನು ಒಮ್ಮೆ ಕಂಡವರು ಆಮೇಲೆ ಆಶ್ರಮದ ಹೆಸರೆತ್ತುವುದಿಲ್ಲ. ಇನ್ನು ಕೆಲವರು ಯಾರನ್ನೂ ಕೇಳುವುದೇ ಇಲ್ಲ. ರಾತ್ರಿ ಹನ್ನೊಂದರ ಮೇಲೆ ಗೋಣಿಚೀಲ, ಟೆಂಪೊ, ಖಾರ್‌ಘರ್ ಗುಡ್ಡದ ತಪ್ಪಲು. ಬೆಳಗ್ಗೆ ಸೊಸೈಟಿಯ ವಾಟ್ಸ್‌ಆಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು.

ಎಲ್ಲಿ ಬಿಡಬೇಕೆಂದು ಕೇಳುವ ಮೊದಲು ಇವು ಎಲ್ಲಿಂದ ಬಂದವು ಎಂದು ಕೇಳುವುದು ಲೇಸು. ನಮ್ಮ ಊರಿನ ಮಟ್ಟಿಗೆ ಇದಕ್ಕೆ ನನ್ನ ಉತ್ತರವೊಂದಿದೆ. ಕಾಮೋಠೆ ನಗರ ಕಟ್ಟುವ ಸರ್ಕಾರಿ ಸಂಸ್ಥೆ ಸಿಡ್ಕೋ ಬರೆದ ನಕ್ಷೆಯ ಮೇಲೆ ಎದ್ದ ಊರು. ಹಳೆಯ ಗಾವಠಾಣ, ಅದರ ಸುತ್ತ ಆಗ್ರಿ, ಕೋಳಿ ಜನರ ಗದ್ದೆ, ಉಪ್ಪುನೀರಿನ ಕಾಲುವೆ. ಆಮೇಲೆ ಅಳತೆ ಹಿಡಿದು ಕತ್ತರಿಸಿದ ಸೆಕ್ಟರುಗಳು, ಪ್ಲಾಟುಗಳು. ಪ್ಲಾಟಿಗೆ ತಗಡಿನ ಬೇಲಿ ಬಿದ್ದ ದಿನವೇ ಅಲ್ಲೊಬ್ಬ ವಾಚ್‌ಮನ್ ಸಂಸಾರ ಹೂಡುತ್ತಾನೆ. ಕಬ್ಬಿಣದ ಸರಳು ಕಳುವಾಗದಂತೆ ಕಾಯಲು ಅವನಿಗೆ ನಾಯಿ ಬೇಕು. ಎಲ್ಲಿಂದಲೋ ಒಂದು ಮರಿ ತರುತ್ತಾನೆ, ಸಿಮೆಂಟ್ ಚೀಲದ ಮೇಲೆ ಮಲಗಿಸುತ್ತಾನೆ, ಕಾರ್ಮಿಕರ ಮಕ್ಕಳು ಅದಕ್ಕೊಂದು ಹೆಸರಿಡುತ್ತಾರೆ, ರೊಟ್ಟಿಯ ಚೂರು ಹಾಕುತ್ತಾರೆ. ಮೂರು ವರ್ಷಕ್ಕೆ ಕಟ್ಟಡ ಏಳುತ್ತದೆ, ವಾಸದ ಪರವಾನಗಿ (ಓಸಿ) ಸಿಗುತ್ತದೆ, ಪೂಜೆಯಾಗುತ್ತದೆ. ವಾಚ್‌ಮನ್ ಉಲ್ವೆಯದೋ ಕರಂಜಾಡೆಯದೋ ಮುಂದಿನ ಸೈಟಿಗೆ ಹೊರಡುತ್ತಾನೆ. ನಾಯಿ ಇಲ್ಲೇ ಉಳಿಯುತ್ತದೆ. ಅಷ್ಟರಲ್ಲಿ ಅದಕ್ಕೆ ಒಂದೆರಡು ಸೂಲಾಗಿರುತ್ತದೆ. ನಾವು ಗೃಹಪ್ರವೇಶ ಮಾಡಿ ಹಾಲು ಉಕ್ಕಿಸಿದ ಮಾರನೆಯ ದಿನ ಬಾಲ್ಕನಿಯಿಂದ ಬಗ್ಗಿ ನೋಡಿ ಹೇಳುತ್ತೇವೆ: ಛೆ, ಎಷ್ಟೊಂದು ಬೀದಿನಾಯಿ! ನಮಗಿಂತ ಮೊದಲು ಆ ಪ್ಲಾಟಿನಲ್ಲಿದ್ದದ್ದು ಅದು.

ಎರಡನೆಯ ಮೂಲ ನಮ್ಮ ಫ್ಲಾಟುಗಳೇ. ಮಕ್ಕಳ ಹಟಕ್ಕೆ ಹಸ್ಕಿ ತರುತ್ತಾರೆ. ಸೈಬೀರಿಯದ ಹಿಮಕ್ಕೆಂದು ಎರಡು ಪದರದ ತುಪ್ಪಳ ಹೊದ್ದುಕೊಂಡು ಬಂದ ಪ್ರಾಣಿ ಅದು. ಮೇ ತಿಂಗಳ ಪನ್ವೆಲ್ ಸೆಖೆಯಲ್ಲಿ ಒನ್ ಬಿಎಚ್‌ಕೆ ಮನೆಯ ಬಚ್ಚಲ ಮೋರಿಗೆ ಹೊಟ್ಟೆ ಒತ್ತಿಕೊಂಡು ಮಲಗುತ್ತದೆ. ಬಾಡಿಗೆ ಮನೆ ಬದಲಾಯಿತು, ವರ್ಗವಾಯಿತು, ಸೊಸೆ ಬಸುರಿಯಾದಳು, ಅಜ್ಜಿಗೆ ದಮ್ಮು ಬಂತು ಎಂಬ ಕಾರಣಕ್ಕೆ ಒಂದು ದಿನ ಕುತ್ತಿಗೆಪಟ್ಟಿ ಬಿಚ್ಚಿದ ಲ್ಯಾಬ್ರಡಾರ್ ಒಂದು ಸಾಯನ್-ಪನ್ವೆಲ್ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ನಿಂತು ಬರುವ ಪ್ರತಿ ಕಾರಿನ ಕಿಟಕಿಯನ್ನೂ ನೋಡುತ್ತಿರುತ್ತದೆ. ಪರ್ಷಿಯನ್ ಬೆಕ್ಕಿನ ಪಾಡೂ ಅದೇ. ನಮ್ಮ ಕನ್ನಡಿಗರಿಗೆ ಇನ್ನೊಂದು ತೊಡಕಿದೆ, ಮೇ ತಿಂಗಳ ಊರಿನ ಯಾತ್ರೆ. ರೈಲಿನಲ್ಲಿ ನಾಯಿಯನ್ನು ಒಯ್ಯಬೇಕಾದರೆ ಎಸಿ ಫಸ್ಟ್ ಕ್ಲಾಸಿನ ಕೂಪೆಯನ್ನೇ ಪೂರ್ತಿ ಕಾದಿರಿಸಬೇಕು, ಇಲ್ಲವೇ ಬ್ರೇಕ್ ವ್ಯಾನಿನ ಪೆಟ್ಟಿಗೆಯಲ್ಲಿ ಹಾಕಿ ಕಳಿಸಬೇಕು. ಪನ್ವೆಲ್‌ನಲ್ಲಿ ಮತ್ಸ್ಯಗಂಧಾ ಹತ್ತುವ ಸಂಸಾರಕ್ಕೆ ಎರಡೂ ಆಗದ ಮಾತು. ಕೆಳಗಿನ ವಾಚ್‌ಮನ್ ಕೈಗೆ ನೂರಿನ್ನೂರು ರೂಪಾಯಿ ಇಟ್ಟು ಹೋಗುತ್ತಾರೆ. ತಿರುಗಿ ಬರುವಾಗ ವಾಚ್‌ಮನ್ ಬದಲಾಗಿರುತ್ತಾನೆ.

ಹೀಗೆ ಬಿಟ್ಟು ಹೋಗುವುದು ಅಪರಾಧ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮು ಅದನ್ನು ಸ್ಪಷ್ಟವಾಗಿ ಹೇಳಿದೆ. ಮೊದಲ ಸಲದ ದಂಡ ಎಷ್ಟು ಗೊತ್ತೇ? ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಕಾಯಿದೆ ಬಂದ ಕಾಲಕ್ಕೆ ಅದು ಒಂದಿಷ್ಟು ತೂಕದ ಹಣವಾಗಿತ್ತು. ಇವತ್ತು ಎರಡು ವಡಾಪಾವ್, ಒಂದು ಕಟಿಂಗ್ ಚಹಾ. ಇತ್ತ ನಮ್ಮ ಮಗ್ಗುಲಿನ ಸೀವುಡ್ಸ್‌ನ ಒಂದು ದೊಡ್ಡ ವಸತಿ ಸಂಕೀರ್ಣದಲ್ಲಿ ನಾಯಿಗಳಿಗೆ ಅನ್ನ ಹಾಕಿದ ನಿವಾಸಿಯೊಬ್ಬರ ಮೇಲೆ ಆಡಳಿತ ಸಮಿತಿ ಹೇರಿದ ದಂಡ ಕೂಡುತ್ತ ಕೂಡುತ್ತ 8 ಲಕ್ಷ ದಾಟಿತೆಂದು 2021ರ ಡಿಸೆಂಬರ್‌ನಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಅನ್ನ ಹಾಕಿದವರಿಗೆ ಲಕ್ಷ, ಬೀದಿಗೆ ತಂದು ಬಿಟ್ಟವರಿಗೆ ಐವತ್ತು. ಒಂದು ಸೊಸೈಟಿಯ ನಿಯಮ, ಇನ್ನೊಂದು ದೇಶದ ಕಾನೂನು, ಎರಡನ್ನೂ ತೂಗುವುದು ಸರಿಯಲ್ಲ ಎಂದು ವಕೀಲ ಮಿತ್ರರು ಆಕ್ಷೇಪಿಸಬಹುದು. ಸರಿಯಿಲ್ಲದಿರಬಹುದು, ಆದರೆ ನಮ್ಮ ಸಿಟ್ಟು ಯಾರ ಮೇಲೆ ತಿರುಗುತ್ತದೆ ಎಂಬುದು ಅದರಿಂದ ಗೊತ್ತಾಗುತ್ತದೆ.

ಹಾಗಾದರೆ ಮಾಡುವುದೇನು? ಫೋನು ಮಾಡಿದವರಿಗೆ ನಾನು ಕೊಡುವ ಮೊದಲ ಕೆಲಸ ಸುಲಭದ್ದು. ಕೆಳಗಿಳಿದು ಹೋಗಿ ಕಿವಿ ನೋಡಿ ಬನ್ನಿ. ನಾಯಿಯ ಒಂದು ಕಿವಿಯ ತುದಿಯಲ್ಲಿ ಚಿಕ್ಕದಾಗಿ ಕಚ್ಚು ಹಾಕಿದಂತೆ ಕತ್ತರಿಸಿದ್ದರೆ ಅದಕ್ಕೆ ಮಕ್ಕಳಾಗದ ಆಪರೇಷನ್ ಆಗಿದೆ, ಆಗಲೇ ರೇಬೀಸ್ ಚುಚ್ಚುಮದ್ದೂ ಬಿದ್ದಿದೆ ಎಂದು ಅರ್ಥ. ಅರಿವಳಿಕೆಯಲ್ಲಿರುವಾಗಲೇ ಕತ್ತರಿಸುವುದರಿಂದ ನೋವಿಲ್ಲ, ದೂರದಿಂದಲೂ ಕಾಣುತ್ತದೆ, ಪಟ್ಟಿಯಂತೆ ಕಳಚಿ ಬೀಳುವುದಿಲ್ಲ. ಕಾಮೋಠೆಯಲ್ಲಿ ಹತ್ತು ವರ್ಷದಿಂದ ಇರುವ, ದಿನವೂ ನಾಯಿಗಳ ನಡುವೆಯೇ ಓಡಾಡುವ ಜನಕ್ಕೂ ಈ ಗುರುತು ಗೊತ್ತಿಲ್ಲ. ಯಾರೋ ಪುಂಡರು ಕತ್ತರಿಸಿದ್ದಾರೆ ಎಂದುಕೊಂಡವರಿದ್ದಾರೆ. ಒಮ್ಮೆ ಗೊತ್ತಾದ ಮೇಲೆ ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತದೆ. ನಮ್ಮ ಗಲ್ಲಿಯಲ್ಲಿ ಎಷ್ಟು ನಾಯಿ, ಅದರಲ್ಲಿ ಹೆಣ್ಣೆಷ್ಟು, ಕಿವಿ ಕಚ್ಚಿಲ್ಲದ ಹೆಣ್ಣೆಷ್ಟು? ಈ ಮೂರನೆಯ ಸಂಖ್ಯೆ ಸಿಕ್ಕಿತೆಂದರೆ ಸಮಸ್ಯೆಗೆ ಒಂದು ಗಾತ್ರ ಬಂದಂತೆ. ಅದು ಸಾಮಾನ್ಯವಾಗಿ ಜನ ಹೆದರಿದಷ್ಟು ದೊಡ್ಡದಿರುವುದಿಲ್ಲ. ಒಂದು ಸೊಸೈಟಿಯ ಸುತ್ತ ಎರಡು, ಮೂರು. ಅವಷ್ಟೇ ಪ್ರತಿ ವರ್ಷ ನಿಮ್ಮ ಮೀಟರ್ ರೂಮನ್ನು ಹೆರಿಗೆ ವಾರ್ಡು ಮಾಡುತ್ತಿರುತ್ತವೆ.

ಈ ಕಚ್ಚಿನ ಹಿಂದೆ ಇಪ್ಪತ್ತೈದು ವರ್ಷದ ಕಾನೂನಿದೆ. 2001ರಲ್ಲಿ ನಾಯಿಗಳ ಸಂತಾನ ನಿಯಂತ್ರಣ ನಿಯಮಗಳು ಬಂದವು. 2023ರ ಮಾರ್ಚ್‌ನಲ್ಲಿ ಹಳತನ್ನು ತೆಗೆದು ಹೊಸವನ್ನು ತಂದರು. ತಿರುಳು ಇಷ್ಟು: ಬೀದಿನಾಯಿಯ ಆಪರೇಷನ್ನೂ ಲಸಿಕೆಯೂ ಪಾಲಿಕೆಯ ಹೊಣೆ, ಹಿಡಿದ ಜಾಗಕ್ಕೇ ಅದನ್ನು ತಂದು ಬಿಡಬೇಕು, ಆರು ತಿಂಗಳೊಳಗಿನ ಮರಿಯನ್ನು ಆಪರೇಷನ್ನಿಗೆ ಹಿಡಿಯುವಂತಿಲ್ಲ, ಮರಿಗಳು ಹಾಲು ಬಿಡುವ ತನಕ ತಾಯಿಯನ್ನೂ ಒಯ್ಯುವಂತಿಲ್ಲ. ತಂದು ಬಿಡುವ ಮಾತು ಬಂದಾಗ ಎಲ್ಲ ಸೊಸೈಟಿಗಳಲ್ಲೂ ಗಲಾಟೆ ಏಳುತ್ತದೆ. ಹಿಡಿದದ್ದನ್ನು ಯಾಕೆ ಮತ್ತೆ ತರುತ್ತಾರೆ? ಕಾರಣ ಸರಳ. ನಾಯಿಗಳನ್ನು ಒಂದು ಗಲ್ಲಿಯಲ್ಲಿ ಇರಿಸುವುದು ಅಲ್ಲಿನ ಚಿಕನ್ ಅಂಗಡಿ, ಚೈನೀಸ್ ಗಾಡಿ, ತೆರೆದ ಕಸದ ಡಬ್ಬಿ. ಅವು ಹಾಗೇ ಇದ್ದು ನಾಯಿ ಮಾತ್ರ ಹೋದರೆ ಪಕ್ಕದ ಕಳಂಬೋಲಿಯದೋ ಖಾಂದೇಶ್ವರದ್ದೋ ನಾಯಿ ಬಂದು ಸೇರುತ್ತದೆ. ಹೊಸಬನಿಗೆ ನಿಮ್ಮ ಮಕ್ಕಳ ಗುರುತಿಲ್ಲ, ಆಪರೇಷನ್ ಆಗಿಲ್ಲ, ಲಸಿಕೆ ಬಿದ್ದಿಲ್ಲ, ಮೇಲಿಂದ ಜಾಗಕ್ಕಾಗಿ ಜಗಳ. ರಾತ್ರಿ ಟೆಂಪೊದವರು ಸಾಧಿಸುವುದು ಇದನ್ನೇ.

ಕೊಲ್ಲುವ ದಾರಿಯನ್ನು ಮುಂಬಯಿ ಬಹಳ ಹಿಂದೆಯೇ ಹಿಡಿದು ನೋಡಿದೆ. ಬೀದಿನಾಯಿ ಕೊಂದವನಿಗೆ ತಲೆಗೆ ಎಂಟಾಣೆ ಎಂದು ಬ್ರಿಟಿಷ್ ಸರ್ಕಾರ ಕೊಡುತ್ತಿದ್ದ ಕಾಲವಿತ್ತು. ಎಂಟಾಣೆಯ ಆಸೆಗೆ ಪೊಲೀಸಿನವರು ಮನೆಯೊಳಗಿನ ನಾಯಿಗಳಿಗೂ ಕೈಹಾಕಿದರು. 1832ರ ಜೂನ್‌ನಲ್ಲಿ, ಅದೂ ಪಾರ್ಸಿಗಳಿಗೆ ಪವಿತ್ರವಾದ ದಿನ, ಕೋಟೆ ಪ್ರದೇಶದಲ್ಲಿ ಗಲಭೆಯೆದ್ದು ಅಂಗಡಿ ಮುಂಗಟ್ಟು ಮುಚ್ಚಿದವು, ಸೈನ್ಯವನ್ನು ಕರೆಸಬೇಕಾಯಿತು. ಬಾಂಬೆಯ ಇತಿಹಾಸದಲ್ಲಿ ಅದು ನಾಯಿ ಗಲಭೆ ಎಂದೇ ದಾಖಲಾಗಿದೆ. ಆಮೇಲೂ ಕೊಲ್ಲುವುದು ನಿಲ್ಲಲಿಲ್ಲ. 1990ರ ದಶಕದಲ್ಲಿ ಆಪರೇಷನ್ ಪದ್ಧತಿ ಬರುವವರೆಗೂ ನಡೆದೇ ಇತ್ತು. ಅಷ್ಟು ಕಾಲ ಕೊಂದ ಮೇಲೂ ನಾಯಿ ಇದ್ದೇ ಇದ್ದವು.

ಈ ವಿಷಯದ ಮೇಲಿನ ಪೋಸ್ಟರುಗಳಲ್ಲಿ ಒಂದು ದೊಡ್ಡ ಲೆಕ್ಕವಿರುತ್ತದೆ. ಆಪರೇಷನ್ ಆಗದ ಒಂದು ಹೆಣ್ಣುನಾಯಿ ಮತ್ತು ಅದರ ಸಂತತಿ ಸೇರಿ ಆರು ವರ್ಷಕ್ಕೆ 67 ಸಾವಿರ ನಾಯಿಗಳಾಗುತ್ತವೆ ಎಂದು. ನನಗೆ ಆ ಲೆಕ್ಕ ಇಷ್ಟವಿಲ್ಲ, ಏಕೆಂದರೆ ಅದು ನಿಜವಲ್ಲ. ಹಾಗಾಗುವುದಾದರೆ ಕಾಮೋಠೆಯಲ್ಲಿ ಇಷ್ಟು ಹೊತ್ತಿಗೆ ನಮಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ನಿಜ ಏನೆಂಬುದನ್ನು ಕೋಲ್ಕತಾದ ವಿಜ್ಞಾನ ಸಂಸ್ಥೆ ಐಸರ್‌ನ ಸಂಶೋಧಕರು ಪಶ್ಚಿಮ ಬಂಗಾಳದ ಬೀದಿಗಳಲ್ಲಿ ವರ್ಷಗಟ್ಟಲೆ ಕಾದು ನೋಡಿ 2016ರಲ್ಲಿ ಪ್ರಕಟಿಸಿದರು. 95 ಸೂಲು, 364 ಮರಿಗಳು. ಏಳು ತಿಂಗಳು ತುಂಬುವ ಹೊತ್ತಿಗೆ ಉಳಿದದ್ದು ನೂರಕ್ಕೆ 19. ಸತ್ತವುಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟಕ್ಕೆ ಒಂದಲ್ಲ ಒಂದು ರೀತಿಯಲ್ಲಿ ಮನುಷ್ಯನೇ ಕಾರಣ: ಗಾಡಿಯಡಿ ಸಿಕ್ಕವು, ಹೊಡೆದು ಕೊಂದವು, ವಿಷ ಹಾಕಿದವು, ತಾಯಿಯಿಂದ ಎತ್ತಿಕೊಂಡು ಹೋದವು. ಬೀದಿಯಲ್ಲಿ ನಾಯಿ ಹೆಚ್ಚಾಗದಂತೆ ಇಷ್ಟು ದಿನ ತಡೆದದ್ದು ಈ ಸಾವುಗಳೇ. ಮೀಟರ್ ರೂಮಿನ ಹಿಂದಿನ ಆರರಲ್ಲಿ ಐದು ಸೂಲಿನ ವರ್ಷವೇ ಹೋಗುತ್ತವೆ, ಅವುಗಳಲ್ಲಿ ಕೆಲವು ನಿಮ್ಮ ಮಕ್ಕಳ ಕಣ್ಣೆದುರಿಗೇ. ಅಮ್ಮನಿಗೆ ಒಂದು ಸಲ ಆಪರೇಷನ್ ಮಾಡಿಸುವುದರಿಂದ ಏನು ಸಿಗುತ್ತದೆ ಎಂದು ಕೇಳಿದವರಿಗೆ ನಾನು 67 ಸಾವಿರದ ಕಥೆ ಹೇಳುವುದಿಲ್ಲ, ಈ ಐದರ ಕಥೆ ಹೇಳುತ್ತೇನೆ.

ಆಪರೇಷನ್ನಿನಿಂದ ನಿಜಕ್ಕೂ ಇಳಿಯುತ್ತದೆಯೇ ಎಂಬ ಅನುಮಾನ ಬರುವುದು ಸಹಜ. ಜೈಪುರದಲ್ಲಿ 'ಹೆಲ್ಪ್ ಇನ್ ಸಫರಿಂಗ್' ಸಂಸ್ಥೆ 1994ರಿಂದ 2002ರವರೆಗೆ ಸುಮಾರು 25 ಸಾವಿರ ನಾಯಿಗಳಿಗೆ ಆಪರೇಷನ್ ಮತ್ತು ಲಸಿಕೆ ಮುಗಿಸಿತು. ಹೆಣ್ಣುನಾಯಿಗಳಲ್ಲಿ ನೂರಕ್ಕೆ 65ನ್ನು ಮುಟ್ಟಿದಾಗ ಆ ಭಾಗದ ನಾಯಿಗಳ ಸಂಖ್ಯೆ ಶೇ. 28ರಷ್ಟು ತಗ್ಗಿತ್ತು, ಮನುಷ್ಯರಿಗೆ ರೇಬೀಸ್ ತಗಲುವುದು ಅಲ್ಲಿ ಸೊನ್ನೆಗೆ ಇಳಿದಿತ್ತು. ಬೆಂಗಳೂರಿನಲ್ಲಿ 2019ರಲ್ಲಿ ಸುಮಾರು 3.10 ಲಕ್ಷವಿದ್ದ ಬೀದಿನಾಯಿ 2023ರ ಸಮೀಕ್ಷೆಯಲ್ಲಿ 2.79 ಲಕ್ಷಕ್ಕೆ ಬಂತು, ಅವುಗಳಲ್ಲಿ ನೂರಕ್ಕೆ 72ರಷ್ಟಕ್ಕೆ ಆಪರೇಷನ್ ಆಗಿತ್ತು. ಮುಂಬಯಿಯಲ್ಲಿ 2014ರಲ್ಲಿ 95 ಸಾವಿರ, ಹತ್ತು ವರ್ಷದ ಮೇಲೆ 90 ಸಾವಿರದ ಆಸುಪಾಸು. ಪವಾಡವಲ್ಲ, ಆದರೆ ಇಳಿತ. ಭೂತಾನವಂತೂ 2009ರಲ್ಲಿ ಹಿಡಿದ ಪಟ್ಟನ್ನು ಬಿಡದೆ 2023ರಲ್ಲಿ ದೇಶದ ಬೀದಿನಾಯಿಗಳಿಗೆಲ್ಲ ಆಪರೇಷನ್ ಮುಗಿಯಿತೆಂದು ಸಾರಿತು. ಚಿಕ್ಕ ದೇಶ, ನಿಜ. ಜನಸಂಖ್ಯೆಯಲ್ಲಿ ಅದು ಕಲ್ಯಾಣ-ಡೊಂಬಿವಲಿಗಿಂತ ದೊಡ್ಡದಲ್ಲ ಎಂಬುದನ್ನೂ ನೆನಪಿಡಿ.

ಎಲ್ಲಿ ಸೋಲುತ್ತದೆ ಎಂಬುದೂ ಗೊತ್ತು. ಇಲ್ಲೊಂದು ಅಲ್ಲೊಂದು ಹಿಡಿದು ಮಾಡಿದರೆ ಅದು ತೂತಿನ ಕೊಡಕ್ಕೆ ನೀರು ಹೊಯ್ದಂತೆ. ಗಲ್ಲಿಯ ಹತ್ತು ಹೆಣ್ಣುಗಳಲ್ಲಿ ನಾಲ್ಕಕ್ಕೆ ಮಾಡಿ ಆರನ್ನು ಬಿಟ್ಟರೆ ಆ ಆರರ ಮರಿಗಳಿಗೆ ತಿನ್ನಲು ಹೆಚ್ಚು ಸಿಕ್ಕಿ ಹೆಚ್ಚು ಬದುಕುತ್ತವೆ, ಮುಂದಿನ ವರ್ಷ ಲೆಕ್ಕ ಮೊದಲಿಗೇ ಬಂದು ನಿಲ್ಲುತ್ತದೆ. ಒಂದು ಜಾಗದ ಹತ್ತರಲ್ಲಿ ಏಳಕ್ಕಾದರೂ ಒಂದೇ ಹಂಗಾಮಿನಲ್ಲಿ ಆಗಬೇಕು. ಹಂಗಾಮು ಎಂದೆ, ಅದಕ್ಕೂ ಅರ್ಥವಿದೆ. ನಮ್ಮ ಬೀದಿನಾಯಿಗಳು ಹೆಚ್ಚಾಗಿ ಭಾದ್ರಪದದ ಹೊತ್ತಿಗೆ ಬೆದೆಗೆ ಬರುತ್ತವೆ, ಎರಡು ತಿಂಗಳ ಬಸುರು, ಕಾರ್ತಿಕ ಮಾರ್ಗಶಿರದಲ್ಲಿ ಮರಿ. ದೀಪಾವಳಿ ಕಳೆದ ಮೇಲೆ ನನ್ನ ಫೋನು ಬಡಿದುಕೊಳ್ಳುವುದು ಅದಕ್ಕೇ. ಮರಿ ಕಣ್ಣು ಬಿಟ್ಟ ಮೇಲೆ ಪಾಲಿಕೆಗೆ ಫೋನು ಮಾಡಿ "ಗಾಡಿ ಕಳಿಸಿ" ಎಂದರೆ ನಿಯಮವೇ ಅಡ್ಡ ಬರುತ್ತದೆ. ಅರ್ಜಿ ಹೋಗಬೇಕಾದದ್ದು ಫೆಬ್ರವರಿ-ಮಾರ್ಚ್‌ನಲ್ಲಿ. ಕೆಲಸ ಆಗಬೇಕಾದದ್ದು ಜೂನಿನ ಮಳೆಗೆ ಮೊದಲು. ಮಳೆ ಹಿಡಿದರೆ ಕಾಮೋಠೆಯ ತಗ್ಗಿನಲ್ಲಿ ಗಾಡಿಯೂ ಬರುವುದಿಲ್ಲ, ಬಲೆಯೂ ಬೀಸಲಾಗುವುದಿಲ್ಲ.

ಅರ್ಜಿ ಯಾರಿಗೆ? ಬಹಳ ಕಾಲ ಇದೇ ಗೊಂದಲವಿತ್ತು. ರಸ್ತೆ ಕೇಳಿದರೆ ಸಿಡ್ಕೋ, ಕಸ ಕೇಳಿದರೆ ಗೊತ್ತಿಲ್ಲ. 2016ರ ಅಕ್ಟೋಬರ್ 1ರಂದು ಪನ್ವೆಲ್ ಮಹಾನಗರ ಪಾಲಿಕೆ ಹುಟ್ಟಿದ ಮೇಲೆ ಉತ್ತರ ಒಂದೇ ಆಗಿದೆ. ಒಬ್ಬರೇ ಫೋನು ಮಾಡಿದರೆ ಅದು ದೂರು. ಪಕ್ಕಪಕ್ಕದ ಹತ್ತು ಸೊಸೈಟಿಗಳ ಸೆಕ್ರೆಟರಿಗಳು ಲೆಟರ್‌ಹೆಡ್ಡಿನಲ್ಲಿ, ಇಂತಿಂಥ ಪ್ಲಾಟಿನ ಮುಂದೆ ಕಿವಿ ಕಚ್ಚಿಲ್ಲದ ಇಷ್ಟು ಹೆಣ್ಣುನಾಯಿ ಎಂದು ಫೋಟೊ ಸಮೇತ ಬರೆದುಕೊಟ್ಟರೆ ಅದು ಕೆಲಸದ ಪಟ್ಟಿ. ನಾಯಿ ಹಿಡಿಯುವವರಿಗೆ ಅತಿ ದೊಡ್ಡ ತೊಂದರೆ ನಾಯಿ ಸಿಗದಿರುವುದು. ಗಾಡಿಯ ಸದ್ದು ಕೇಳಿದೊಡನೆ ಎಲ್ಲವೂ ಮಾಯ. ಅವು ಯಾರ ಕೈಯಿಂದ ಅನ್ನ ತಿನ್ನುತ್ತವೋ ಅವರು ಆ ದಿನ ಬೆಳಗ್ಗೆ ಕೆಳಗೆ ಬಂದು ನಿಂತರೆ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ ಅದು.

ಅನ್ನ ಹಾಕುವವರ ವಿಷಯಕ್ಕೆ ಬಂದೆ. ಇವರ ಮೇಲೆ ನನಗೆ ಗೌರವವೂ ಇದೆ, ತಕರಾರೂ ಇದೆ. ನಾಯಿಗೆ ಒಂದು ತುತ್ತು ಇಡುವುದು ನಮ್ಮ ಎರಡೂ ನಾಡುಗಳ ರಕ್ತದಲ್ಲಿದೆ. ಮಹಾರಾಷ್ಟ್ರದವರ ಖಂಡೋಬ ನಮ್ಮ ಮೈಲಾರಲಿಂಗ. ಅವನ ಜೊತೆ ನಾಯಿ ಇಲ್ಲದ ಚಿತ್ರವಿಲ್ಲ. ಮೈಲಾರದ ಜಾತ್ರೆಯಲ್ಲಿ ವಗ್ಗಯ್ಯಗಳು ದೇವರ ನಾಯಿಗಳಾಗಿ ಬೊಗಳುವುದನ್ನು ಕಂಡವರಿಗೆ ಇದು ಹೊಸತಲ್ಲ. ನಮ್ಮ ಜಿಲ್ಲೆಯ ರಾಯಗಡ ಕೋಟೆಯ ಮೇಲೆ, ಶಿವಾಜಿಯದೆಂದು ಹೇಳುವ ವಾಘ್ಯಾ ನಾಯಿಯ ಪ್ರತಿಮೆಯೇ ಇದೆ, ಅದು ಅಲ್ಲಿರಬೇಕೋ ಬೇಡವೋ ಎಂಬ ಜಗಳವೂ ಇದೆ. ಆದರೆ ದಿನವೂ ಹತ್ತು ನಾಯಿಗಳಿಗೆ ಕೋಳಿಯ ಕಾಲು ಬೇಯಿಸಿ ಹಾಕುವವರು ಅವುಗಳ ಆಪರೇಷನ್ ಬಗ್ಗೆ ತಲೆ ಕೆಡಿಸಿಕೊಳ್ಳದಿದ್ದರೆ ಪುಣ್ಯದ ಲೆಕ್ಕ ಸರಿಹೋಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಹೊಟ್ಟೆ ತುಂಬಿದ ನಾಯಿಗೆ ಮರಿಗಳೂ ಚೆನ್ನಾಗಿಯೇ ಆಗುತ್ತವೆ. 2025ರ ಜುಲೈಯಲ್ಲಿ ಬೆಂಗಳೂರು ಪಾಲಿಕೆ ಬೀದಿನಾಯಿಗಳಿಗೆ ಕೋಳಿ-ಅನ್ನ ಕೊಡಲು 2.88 ಕೋಟಿ ರೂಪಾಯಿಯ ಯೋಜನೆ ಹಾಕಿದಾಗ ಜನ ನಕ್ಕರು, ಬೈದರು. ನನಗೆ ಅನ್ನಿಸಿದ್ದು ಇಷ್ಟೆ, ಬಟ್ಟಲಿಟ್ಟು ನಾಯಿಯನ್ನು ಒಂದೇ ಜಾಗಕ್ಕೆ ಕರೆಯುವುದಾದರೆ ಅದೇ ಬಟ್ಟಲ ಬಳಿ ಲಸಿಕೆಯ ಸಿರಿಂಜು ಹಿಡಿದವನೂ ನಿಂತಿರಲಿ.

ಅದೇ ವರ್ಷ ಸುಪ್ರೀಂ ಕೋರ್ಟಿನಿಂದ ಒಂದರ ಹಿಂದೆ ಒಂದು ಆದೇಶ ಬಂದು ಜನ ಪೂರ್ತಿ ಗಲಿಬಿಲಿಗೊಂಡರು. ಆಗಸ್ಟ್ 11ರಂದು ದೆಹಲಿ ಮತ್ತು ಸುತ್ತಲಿನ ನಾಯಿಗಳನ್ನೆಲ್ಲ ಹಿಡಿದು ಆಶ್ರಯಕೇಂದ್ರಗಳಲ್ಲಿ ಇಡಿ ಎಂದಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿ, ಆಪರೇಷನ್ ಮತ್ತು ಲಸಿಕೆಯಾದ ಮೇಲೆ ಹಿಡಿದಲ್ಲಿಗೇ ಬಿಡಿ, ಹುಚ್ಚು ಹಿಡಿದವು ಮತ್ತು ಮೇಲೆ ಬೀಳುವವನ್ನು ಮಾತ್ರ ಬಿಡಬೇಡಿ, ಕಂಡಕಂಡ ರಸ್ತೆಯಲ್ಲಿ ಊಟ ಹಾಕಬೇಡಿ, ವಾರ್ಡಿಗೊಂದು ಜಾಗ ಗೊತ್ತು ಮಾಡಿ ಎಂದಿತು. ವಿಚಾರಣೆಯ ವ್ಯಾಪ್ತಿಯನ್ನು ಎಲ್ಲ ರಾಜ್ಯಗಳಿಗೂ ಹಿಗ್ಗಿಸಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳ ಆವರಣದ ನಾಯಿಗಳನ್ನು ತೆಗೆದು ಆಶ್ರಯಕೇಂದ್ರಕ್ಕೆ ಒಯ್ಯಿರಿ, ಅವನ್ನು ಮತ್ತೆ ಅಲ್ಲಿಗೆ ಬಿಡಬೇಡಿ ಎಂದು ಸೇರಿಸಿತು. ಯಾವ ಆದೇಶವನ್ನು ಯಾರು ಹೇಗೆ ಅರ್ಥ ಮಾಡಿಕೊಂಡರೂ ಒಂದು ಮಾತು ಎಲ್ಲದರಲ್ಲೂ ಉಳಿದಿದೆ: ಆಪರೇಷನ್ ಮತ್ತು ಲಸಿಕೆ ತಪ್ಪದೆ ಆಗಬೇಕು.

ಕಚ್ಚುವ ಭಯ ಸುಳ್ಳು ಭಯವಲ್ಲ, ಅದನ್ನು ನಕ್ಕು ತಳ್ಳುವ ಪ್ರಾಣಿಪ್ರಿಯರನ್ನು ಕಂಡರೆ ನನಗೆ ಬೇಸರ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59 ಸಾವಿರ ಜನ ರೇಬೀಸ್‌ನಿಂದ ಸಾಯುತ್ತಾರೆಂದು ಅಂದಾಜು, ಅದರಲ್ಲಿ ಮೂರನೇ ಒಂದು ಪಾಲು ನಮ್ಮ ದೇಶದ್ದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ಸತ್ತವರಲ್ಲಿ ಮಕ್ಕಳ ಪಾಲು ದೊಡ್ಡದು. ಆದ್ದರಿಂದ ಹಲ್ಲು ತಾಗಿದ ಜಾಗವನ್ನು ನಲ್ಲಿಯ ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆಯಬೇಕು, ಅದೇ ದಿನ ಚುಚ್ಚುಮದ್ದು ಶುರು ಮಾಡಬೇಕು. ಮೆಣಸಿನ ಪುಡಿ, ಸುಣ್ಣ, ಅರಿಶಿನ ಮೆತ್ತುವ ಅಭ್ಯಾಸ ಇನ್ನೂ ನಮ್ಮ ಮನೆಗಳಿಂದ ಹೋಗಿಲ್ಲ, ಅದು ಹೋಗಲೇಬೇಕು. ಪಕ್ಕದ ಗೋವಾ ರಾಜ್ಯ ನಾಯಿಗಳಿಗೆ ಮನೆಮನೆ, ಬೀದಿಬೀದಿ ತಿರುಗಿ ಲಸಿಕೆ ಹಾಕಿಯೇ ಮನುಷ್ಯರ ರೇಬೀಸ್ ಸಾವನ್ನು ನಿಲ್ಲಿಸಿತು.

ಕಾಮೋಠೆಯ ಬಗಲಿನ ನಾಯಿಗಳು ಒಮ್ಮೆ ಜಗತ್ತಿನ ಪತ್ರಿಕೆಗಳಲ್ಲಿ ಸುದ್ದಿಯಾಗಿದ್ದವು. 2017ರ ಆಗಸ್ಟ್, ತಳೋಜಾ ಕೈಗಾರಿಕಾ ಪ್ರದೇಶ. ಬಣ್ಣದ ಕಾರ್ಖಾನೆಯ ನೀರು ಸೇರುತ್ತಿದ್ದ ಕಾಸಾಡಿ ನದಿಯಲ್ಲಿ ಆಹಾರ ಹುಡುಕಿದ ನಾಯಿಗಳು ನೀಲಿಯಾಗಿದ್ದವು. ನವಿ ಮುಂಬಯಿಯ ಪ್ರಾಣಿ ರಕ್ಷಕರು ದೂರಿತ್ತರು, ಮಾಲಿನ್ಯ ಮಂಡಳಿ ಕಾರ್ಖಾನೆಗೆ ಬೀಗ ಹಾಕಿಸಿತು, ನೀಲಿ ಬಣ್ಣದ ಮೇಲೆ ಜೋಕುಗಳೂ ಬಂದವು. ಬಣ್ಣ ತೊಳೆದುಹೋದ ಮೇಲೆ ಆ ನಾಯಿಗಳನ್ನು ಯಾರೂ ತಿರುಗಿ ನೋಡಲಿಲ್ಲ. ಬಣ್ಣ ಬಳಿಯದೆಯೂ ಕಾಣುವಂತಾಗಬೇಕಾದರೆ ಕೆಲಸ ಸಣ್ಣ ಮಟ್ಟದಲ್ಲೇ ಆಗಬೇಕು. ಗಣೇಶೋತ್ಸವದ ಪೆಂಡಾಲು, ಸೊಸೈಟಿಯ ವಾರ್ಷಿಕ ಸಭೆ, ನಮ್ಮ ಕನ್ನಡ ಸಂಘಗಳ ಅರಸಿನ ಕುಂಕುಮ, ಶಾಲೆಯ ಪ್ರಾಜೆಕ್ಟು. ಐದನೇ ಇಯತ್ತೆಯ ಮಕ್ಕಳಿಗೆ ತಮ್ಮ ಸೆಕ್ಟರಿನ ನಾಯಿಗಳನ್ನು ದೂರದಿಂದಲೇ ಎಣಿಸಿ ಕಿವಿ ಗುರುತು ಮಾಡಿಕೊಂಡು ಬನ್ನಿ ಎಂದರೆ, ದೊಡ್ಡವರು ಒಂದು ವರ್ಷ ಜಗಳವಾಡಿದರೂ ಸಿಗದ ಪಟ್ಟಿ ಒಂದು ಭಾನುವಾರದಲ್ಲಿ ಸಿಗುತ್ತದೆ.

ಸಾಕಿದ ನಾಯಿ, ಬೆಕ್ಕುಗಳ ಮಾತು ಇನ್ನೂ ಕಷ್ಟದ್ದು. "ಒಂದು ಸಲ ತಾಯಿಯಾಗಲಿ ಬಿಡಿ, ಪಾಪ" ಎಂಬ ಮಾತನ್ನು ನಾನು ಕೇಳದ ಮನೆಯಿಲ್ಲ. ಹೆಣ್ಣುನಾಯಿಗೆ ಒಂದು ಸೂಲು ಆಗಲೇಬೇಕೆಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಮೊದಲ ಬೆದೆಗೆ ಮುಂಚೆ ಆಪರೇಷನ್ ಆದರೆ ಮೊಲೆಯ ಗಡ್ಡೆಯ ಅಪಾಯ ಬಹಳ ಕಡಿಮೆ, ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬಿ ಸಾಯುವ ಭಯವೂ ಇಲ್ಲ. ಬೆಕ್ಕಂತೂ ಐದೇ ತಿಂಗಳಿಗೆ ಬಸುರಾಗಬಲ್ಲದು, ಮರಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಬೆದೆಗೆ ಬರುತ್ತದೆ. ಗಂಡಸರು ತಮ್ಮ ಗಂಡುನಾಯಿಯ ಆಪರೇಷನ್ ಮಾತೆತ್ತಿದೊಡನೆ ಮುಖ ಹುಳಿ ಮಾಡುವುದು ಬೇರೆ ಕಥೆ, ಅದನ್ನು ಇಲ್ಲಿ ಬರೆಯುವಂತಿಲ್ಲ. ಇನ್ನು ಹಣ ಕೊಟ್ಟು ಕೊಳ್ಳುವವರು: ನಾಯಿ ತಳಿ ಮಾರಾಟಕ್ಕೆ 2017ರಿಂದ ನಿಯಮವಿದೆ, ತಳಿಗಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ವಾಟ್ಸ್‌ಆಪ್‌ನಲ್ಲಿ ಫೋಟೊ ಕಳಿಸಿ ಹೆದ್ದಾರಿಯ ಪಕ್ಕ ಬುಟ್ಟಿಯಲ್ಲಿ ಮರಿ ಕೊಡುವವನ ಬಳಿ ನೋಂದಣಿ ಸಂಖ್ಯೆ ಕೇಳಿ ನೋಡಿ. ಬಾಡಿಗೆದಾರರಿಗೆ ಒಂದು ಸಮಾಧಾನ: ಸಾಕುಪ್ರಾಣಿ ಇಟ್ಟುಕೊಳ್ಳಬಾರದೆಂದು ಸೊಸೈಟಿ ಬಹುಮತದಿಂದಲೂ ಠರಾವು ಮಾಡುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಸೆಕ್ರೆಟರಿ ಹೆದರಿಸಿದರೆಂದು ನಾಯಿಯನ್ನು ಬೀದಿಗೆ ಬಿಡಬೇಕಾಗಿಲ್ಲ.

ಈಗ ಮೀಟರ್ ರೂಮಿನ ಹಿಂದಿರುವ ಆರೋ ಏಳೋ ಮರಿಗಳು. ಎರಡು ತಿಂಗಳಾಗುವ ತನಕ ತಾಯಿಯಿಂದ ಬೇರ್ಪಡಿಸಬೇಡಿ. ಹಾಲು ಬಿಡದ ಮರಿ ಯಾರ ಮನೆಯಲ್ಲೂ ಬದುಕುವುದು ಕಷ್ಟ. ಒಂದು ಗೋಣಿ, ಮೇಲೊಂದು ತಗಡು, ತಾಯಿಗೆ ಎರಡು ಹೊತ್ತು ಅನ್ನ, ಕುಡಿಯಲು ನೀರು. ಹುಳದ ಔಷಧಿ, ಆರರಿಂದ ಎಂಟು ವಾರದ ನಡುವೆ ಮೊದಲ ಲಸಿಕೆ. ಖರ್ಚನ್ನು ಮಹಡಿಗೆ ಹಂಚಿದರೆ ಮನೆಗೆ ಒಂದು ಸಿನಿಮಾ ಟಿಕೆಟಿನಷ್ಟೂ ಬೀಳುವುದಿಲ್ಲ. ಮರಿ ಹಾಲು ಬಿಟ್ಟ ಕೂಡಲೇ ತಾಯಿಯನ್ನು ಆಪರೇಷನ್ನಿಗೆ ಕಳಿಸಿ, ಆ ವಾರ ತಪ್ಪಿದರೆ ಅದು ನೆನಪಿನಿಂದ ಜಾರಿಹೋಗುತ್ತದೆ. ಅಷ್ಟರಲ್ಲಿ ಮರಿಗಳ ಒಳ್ಳೆಯ ಫೋಟೊ ತೆಗೆದು, ಗಂಡೋ ಹೆಣ್ಣೋ ಎಂದು ಮುಚ್ಚುಮರೆಯಿಲ್ಲದೆ ಬರೆದು ಹಂಚಿ. ಮುಂಬಯಿಯ 'ವರ್ಲ್ಡ್ ಫಾರ್ ಆಲ್'ನಂಥ ಸಂಸ್ಥೆಗಳು ದತ್ತು ಮೇಳಗಳನ್ನೇ ನಡೆಸುತ್ತವೆ. ಗಂಡುಮರಿಗಳು ಮೊದಲ ವಾರದಲ್ಲೇ ಹೋಗುತ್ತವೆ, ಬಿಳಿಯ ಮಚ್ಚೆಯಿದ್ದರೆ ಇನ್ನೂ ಬೇಗ. ಕೊನೆಗೆ ಉಳಿಯುವುದು ಕರಿಯ ಹೆಣ್ಣುಮರಿ. ಅದನ್ನು ಒಯ್ಯುವವರಿಂದ ಒಂದು ಕಾಗದದ ಮೇಲೆ ಹೆಸರು, ವಿಳಾಸ, ಆರು ತಿಂಗಳ ಮೇಲೆ ಬೀಳುವ ತಾರೀಕು ಬರೆಸಿಕೊಳ್ಳಿ. ತಾರೀಕು ಬಂದ ದಿನ ನೀವೇ ಫೋನು ಮಾಡಿ ಆಪರೇಷನ್ ಆಯಿತೇ ಎಂದು ಕೇಳಿ. ಇಲ್ಲವೆಂದರೆ ರಿಕ್ಷಾ ನೀವೇ ಕರೆದುಕೊಂಡು ಹೋಗಿ.